ಹಿಂದಕ್ಕೆ ನಡೆದ ಗಡಿಯಾರ

ಚಲನಚಿತ್ರವೊಂದನ್ನು ಕುರಿತು ನಾವು ಬರೆಯಹೊರಟಿರುವುದು ವಾಚಕ ಬಂಧುಗಳಿಗೆ ಸೋಜಿಗವೆನಿಸಬಹುದು. ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲಕ್ಕೆ ಚಿತ್ರಮಂದಿರದ ಬಾಗಿಲು ನಮಗೆ ನಿಷಿದ್ಧವಾಗಿತ್ತು. ಊರ ಹೊರಗೆ ಡೇರೆ ಹಾಕುತ್ತಿದ್ದ ಟೂರಿಂಗ್ ಟಾಕೀಸಿನ ಹಾಡುಗಳು ರಾತ್ರಿಯ ಗಾಳಿಯಲ್ಲಿ ತೇಲಿಬಂದು ಪ್ರಸಾದನಿಲಯದ ಕಿಟಕಿಯನ್ನು ದಾಟುತ್ತಿದ್ದವು. ನಮ್ಮ ಕಿವಿ ಅತ್ತ, ಕಣ್ಣು ಶಬ್ದಮಣಿದರ್ಪಣದತ್ತ. ಆ ಅಭ್ಯಾಸಬಲದಿಂದಲೋ ಏನೋ, ಮುಂದೆಯೂ ನಾವು ಕಂಡ ಚಿತ್ರಗಳು ಬೆರಳೆಣಿಕೆಯವು. ಅಂಥ ನಾವು ಈಚೆಗೆ ಒಂದು ಇಂಗ್ಲಿಷ್ ಚಿತ್ರವನ್ನು, ಅದೂ ಎರಡು ಸಲ, ಆದ್ಯಂತವಾಗಿ ನೋಡಿದೆವು. ನೋಡಿದ ಮೇಲೆ ಹಲವು ದಿನ ಅದು ನಮ್ಮ ಮನಸ್ಸನ್ನು ಬಿಡಲಿಲ್ಲ.

ಅದಕ್ಕೆ ಕಾರಣ ಆ ಚಿತ್ರವಷ್ಟೇ ಅಲ್ಲ, ಅದನ್ನು ನೋಡಿದ ಮನೆಯೂ ಹೌದು. ಧಾರವಾಡ ಸೀಮೆಯ ಹಳ್ಳಿಯೊಂದರಲ್ಲಿ ನಮ್ಮ ಅಕ್ಕನವರ ಮನೆ. ಭಾವನವರು ಮೂರು ದಶಕಗಳಿಗೂ ಮಿಗಿಲಾಗಿ ಕನ್ನಡ ಶಾಲೆಯ ಮಾಸ್ತರರಾಗಿದ್ದು ನಿವೃತ್ತರಾದವರು. ಈಗ 79ರ ವಯಸ್ಸು. ನಾಲ್ಕು ವರ್ಷಗಳ ಹಿಂದೆ ಅವರಿಗೆ ಮರೆವು ಆರಂಭವಾಯಿತು. ಮೊದಲು ಶಿಷ್ಯರ ಹೆಸರುಗಳು ಹೋದವು. ಬಳಿಕ ಸಂತೆಯ ದಾರಿ ಹೋಯಿತು. ಉಂಡದ್ದು ನೆನಪಿಲ್ಲದಾಯಿತು. ಕಡೆಗೆ 50 ವರ್ಷಗಳಿಗೂ ಮೇಲೆ ಜೊತೆಯಾಗಿ ಬಾಳಿದ ಹೆಂಡತಿಯ ಗುರುತೂ ಹೋಯಿತು. ಈಗ ಅವರು ನಮ್ಮ ಅಕ್ಕನವರನ್ನು, "ಅಕ್ಕಾರ, ತಮ್ಮದು ಯಾವ ಊರಾತ್ರಿ?" ಎಂದು ದಿನಕ್ಕೆ ಹತ್ತು ಸಲ ಬಹು ಮರ್ಯಾದೆಯಿಂದ ಕೇಳುತ್ತಾರೆ. ಅಕ್ಕನವರು ಹತ್ತು ಸಲವೂ ತವರೂರಿನ ಹೆಸರನ್ನು ಹೇಳುತ್ತಾರೆ. "ಹೌದ? ಛಲೋ ಊರು. ಆ ಊರಾಗ ನಮ್ಮ ಬೀಗರ ಅದಾರ" ಎಂದು ಭಾವನವರು ತಲೆದೂಗುತ್ತಾರೆ.

ಅವರ ಮಗ, ಎಂದರೆ ನಮ್ಮ ಸೋದರಳಿಯ, ಪುಣೆಯಲ್ಲಿ ನೌಕರಿಯಲ್ಲಿದ್ದಾನೆ. ತಂದೆಯನ್ನು ಮರೆವಿನವರಿಗೆಂದೇ ಇರುವ ಆರೈಕೆಯ ಮನೆಯೊಂದಕ್ಕೆ ಸೇರಿಸಿ, ತಾಯಿಯನ್ನು ತನ್ನೊಡನೆ ಕರೆದೊಯ್ಯಬೇಕೆಂಬುದು ಅವನ ವಿಚಾರ. ಅವನದು ದುರ್ಬುದ್ಧಿಯೆಂದು ಯಾರೂ ತಿಳಿಯಬಾರದು. ತಾಯಿಯೂ 73 ದಾಟಿದವರು. ರಾತ್ರಿ ಮೂರು ಸಲ ಎದ್ದು ಬಾಗಿಲ ಅಗುಳಿ ನೋಡುವವರು. "ಮಾಮಾ, ಅವ್ವ ನಿಮ್ಮ ಮಾತು ತಗದ ಹಾಕಂಗಿಲ್ಲ. ನೀವ ಒಂದ ಮಾತು ಹೇಳ್ರಿ" ಎಂದು ಅವನು ನಮ್ಮನ್ನು ಕೇಳಿಕೊಂಡ. ನಮಗೂ ಅದು ಯುಕ್ತವೆಂದೇ ತೋರಿತ್ತು. ಹೇಳಿ ಬರುವುದಕ್ಕೆಂದೇ ಹೋದೆವು. ರಜೆಗೆ ಬಂದಿದ್ದ ಮೊಮ್ಮಗಳು, ಇಂಜಿನಿಯರಿಂಗ್ ಓದುತ್ತಿರುವವಳು, ನಮ್ಮ ಆಗಮನದ ಉದ್ದೇಶವನ್ನು ಹೇಗೋ ಅರಿತುಕೊಂಡು, "ಅಜ್ಜಾ, ಮೊದಲ ಇದನ್ನ ನೋಡ್ರಿ, ಆಮ್ಯಾಲ ಮಾತಾಡೂಣು" ಎಂದು ತನ್ನ ಲ್ಯಾಪ್‌ಟಾಪನ್ನು ನಡುಮನೆಯ ಮಂಚದ ಮೇಲಿಟ್ಟಳು. ನಾವು, ಅಕ್ಕನವರು ಇಬ್ಬರೂ ಕುಳಿತೆವು. ಮಾತಿನ ಅರ್ಥವನ್ನು ಅವಳು ಅಕ್ಕನವರಿಗೆ ಆಗಾಗ ಕನ್ನಡದಲ್ಲಿ ಹೇಳುತ್ತ ಬಂದಳು.

ಚಿತ್ರದ ಹೆಸರು 'ದಿ ಕ್ಯೂರಿಯಸ್ ಕೇಸ್ ಆಫ್ ಬೆಂಜಮಿನ್ ಬಟನ್'. ಬೆಂಜಮಿನ್ ಬಟನ್ ಎಂಬುವನ ವಿಚಿತ್ರ ವೃತ್ತಾಂತವೆಂದು ಕನ್ನಡಿಸಬಹುದು. 2008ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ತೆರೆಕಂಡ ಈ ಚಿತ್ರದ ನಿರ್ದೇಶಕರು ಡೇವಿಡ್ ಫಿಂಚರ್. ಚಿತ್ರಕಥೆ ಎರಿಕ್ ರಾಥ್ ಅವರದು. ಬ್ರಾಡ್ ಪಿಟ್ ನಾಯಕ, ಕೇಟ್ ಬ್ಲ್ಯಾಂಚೆಟ್ ನಾಯಕಿ. ಎರಡೂ ಮುಕ್ಕಾಲು ಗಂಟೆಯ ದೀರ್ಘ ಚಿತ್ರ. ಎಳೆಯ ಮಕ್ಕಳೊಡನೆ ಕುಳಿತು ನೋಡಲು ಸಂಕೋಚವಾಗುವ ಕೆಲವು ದೃಶ್ಯಗಳು ಇದರಲ್ಲಿವೆಯೆಂಬುದನ್ನು ಗೃಹಸ್ಥ ವಾಚಕರಿಗೆ ಮೊದಲೇ ತಿಳಿಸಿಬಿಡುವುದು ಲೇಸು. ಅಂಥ ಕಡೆ ಮೊಮ್ಮಗಳು ಕಥೆಯನ್ನು ಚೂರು ಮುಂದಕ್ಕೆ ಓಡಿಸಿದಳು.

ಕಥೆ ತೆರೆದುಕೊಳ್ಳುವುದು ನ್ಯೂ ಆರ್ಲಿಯನ್ಸ್ ನಗರದ ಆಸ್ಪತ್ರೆಯಲ್ಲಿ. 2005ರ ಆಗಸ್ಟ್ ತಿಂಗಳು. ಕತ್ರಿನಾ ಎಂಬ ಚಂಡಮಾರುತ ನಗರದತ್ತ ಧಾವಿಸಿ ಬರುತ್ತಿದೆ. ಡೇಸಿ ಎಂಬ ವೃದ್ಧೆ ಕೊನೆಯುಸಿರಿನ ಅಂಚಿನಲ್ಲಿದ್ದಾಳೆ. ಆಕೆಯ ಕೋರಿಕೆಯಂತೆ ಮಗಳು ಕ್ಯಾರೊಲಿನ್ ಒಂದು ಹಳೆಯ ದಿನಚರಿಯನ್ನು ಓದತೊಡಗುತ್ತಾಳೆ. ಆ ದಿನಚರಿ ಬರೆದವನೇ ತನ್ನ ಜನಕನೆಂಬುದು, ಓದುತ್ತ ಓದುತ್ತ, ಆ ನಡುವಯಸ್ಸಿನಲ್ಲಿ ಅವಳಿಗೆ ಮೊದಲ ಬಾರಿ ಗೊತ್ತಾಗುತ್ತದೆ.

ಅದಕ್ಕೂ ಮುನ್ನ ಡೇಸಿ ಒಂದು ಗಡಿಯಾರದ ಕಥೆ ಹೇಳುತ್ತಾಳೆ. ಒಬ್ಬ ಅಂಧ ಗಡಿಯಾರಗಾರ. ನಗರದ ರೈಲು ನಿಲ್ದಾಣಕ್ಕೆ ದೊಡ್ಡ ಗಡಿಯಾರವೊಂದನ್ನು ಮಾಡಿಕೊಡುವ ಕೆಲಸ ಅವನದಾಗಿತ್ತು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧಕ್ಕೆ ಹೋದ ಅವನ ಏಕಮಾತ್ರ ಪುತ್ರ ಹೆಣವಾಗಿ ಮರಳಿದ. ತಂದೆ ಮಗನನ್ನು ಮಣ್ಣುಮಾಡಿ ಬಂದು ಮತ್ತೆ ಕೆಲಸಕ್ಕೆ ಕುಳಿತ. ಗಡಿಯಾರವನ್ನು ಅನಾವರಣ ಮಾಡಿದಾಗ ನೆರೆದ ಜನ ಬೆರಗಾದರು: ಮುಳ್ಳುಗಳು ಹಿಂದಕ್ಕೆ ತಿರುಗುತ್ತಿದ್ದವು. ಕಾಲ ಹಿಂದಕ್ಕೆ ಹೋದರೆ ಯುದ್ಧದಲ್ಲಿ ಮಡಿದ ಮಕ್ಕಳು ಎದ್ದು ಮನೆಗೆ ಬರಬಹುದೆಂಬ ಆಸೆಯಿಂದ ಅವನು ಹಾಗೆ ಮಾಡಿದ್ದ. ಪುತ್ರಶೋಕವನ್ನು ತೋರಿಸುವುದಕ್ಕೆ ಕಣ್ಣೀರಿನ ಕೊಡಗಳನ್ನೇ ಸುರಿಸುವ ಚಿತ್ರಗಳುಂಟು. ಇಲ್ಲಿ ಹಲ್ಲುಚಕ್ರಗಳ ಒಂದು ಯಂತ್ರ ಆ ಕೆಲಸ ಮಾಡುತ್ತದೆ. ಅಕ್ಕನವರು ಈ ಭಾಗ ಮುಗಿದಾಗ "ಪಾಪ" ಎಂದಷ್ಟೇ ಅಂದರು.

1918ರ ನವೆಂಬರ್ 11, ಯುದ್ಧ ಮುಗಿದ ರಾತ್ರಿ. ನಗರವೆಲ್ಲ ಸಂಭ್ರಮದಲ್ಲಿರುವಾಗ ಬಟನ್ ಎಂಬ ಗುಂಡಿ ಕಾರಖಾನೆಯ ಮಾಲೀಕನ ಮನೆಯಲ್ಲಿ ಒಂದು ಕೂಸು ಹುಟ್ಟಿತು. ತಾಯಿ ಹೆರಿಗೆಯಲ್ಲಿಯೇ ತೀರಿಹೋದಳು. ಕೂಸಿನ ಮುಖ 80 ದಾಟಿದ ಮುದುಕನದು: ಸುಕ್ಕುಗಟ್ಟಿದ ಚರ್ಮ, ಪೊರೆಗಟ್ಟಿದ ಕಣ್ಣು, ಸೆಟೆದ ಕೀಲುಗಳು. ದಿಗಿಲುಬಿದ್ದ ತಂದೆ ಅದನ್ನು ಬಟ್ಟೆಯಲ್ಲಿ ಸುತ್ತಿ, ಒಂದಿಷ್ಟು ಹಣದೊಡನೆ, ವೃದ್ಧರ ವಸತಿಗೃಹವೊಂದರ ಮೆಟ್ಟಿಲ ಮೇಲಿಟ್ಟು ಓಡಿಹೋದ. ಆ ಗೃಹದ ಆರೈಕೆ ನೋಡಿಕೊಳ್ಳುತ್ತಿದ್ದ ಕ್ವೀನಿ ಎಂಬ ಕಪ್ಪು ಜನಾಂಗದ ಹೆಣ್ಣುಮಗಳು ಕೂಸನ್ನು ಎತ್ತಿಕೊಂಡಳು. ಇದು ಬಹಳ ದಿನ ಬಾಳದೆಂದು ವೈದ್ಯ ಹೇಳಿದ. ಸಾಯುವುದಾದರೂ ಒಬ್ಬರ ಮಡಿಲಲ್ಲಿ ಸಾಯಲೆಂಬಂತೆ ಅವಳು ಅದನ್ನು ಸಾಕಿದಳು. ಅದು ಸಾಯಲಿಲ್ಲ, ದಿನದಿನಕ್ಕೆ ಎಳೆಯದಾಗುತ್ತ ಬಂತು.

ಚಿತ್ರದ ಈ ಭಾಗ ನಮಗೆ ಬಹಳ ಹಿಡಿಸಿತು. ಹುಡುಗ ಬೆಂಜಮಿನ್ ಬೆಳೆಯುವುದು ಮುದುಕರ ನಡುವೆ. ಅವರಂತೆಯೇ ಗಾಲಿಕುರ್ಚಿ, ಅವರಂತೆಯೇ ಕನ್ನಡಕ, ಅವರಂತೆಯೇ ಬೇಗ ನಿದ್ದೆ. ಮರಣ ಆ ಮನೆಗೆ ವಾರದ ಬೀಗರಂತೆ ಬಂದುಹೋಗುತ್ತದೆ; ಒಬ್ಬರ ಹಾಸಿಗೆ ತೆರವಾದರೆ ಇನ್ನೊಬ್ಬರು ಬರುತ್ತಾರೆ. ಒಬ್ಬ ವೃದ್ಧೆ ಅವನಿಗೆ ಪಿಯಾನೊ ನುಡಿಸಲು ಕಲಿಸುತ್ತಾಳೆ. ತನಗೆ ಏಳು ಸಲ ಸಿಡಿಲು ಹೊಡೆದಿದೆಯೆಂದು ಮತ್ತೆ ಮತ್ತೆ ಹೇಳುವ ಮುದುಕನೊಬ್ಬನಿದ್ದಾನೆ. ಅವನು ಹೇಳಿದಾಗಲೆಲ್ಲ ಒಂದೊಂದು ಸಿಡಿಲನ್ನು ತೆರೆಯ ಮೇಲೆ ತೋರಿಸಿ ನಗಿಸುತ್ತಾರೆ. ಭಾವನವರು ಕೂಡ ಆ ಸಮಯಕ್ಕೆ ಬಾಗಿಲಲ್ಲಿ ನಿಂತು ನೋಡಿ ನಕ್ಕರು. ಏನು ತಿಳಿದು ನಕ್ಕರೋ, ನಗು ಮಾತ್ರ ಹಳೆಯ ಮಾಸ್ತರರ ನಗುವೇ ಆಗಿತ್ತು. ಕ್ವೀನಿಯ ಪಾತ್ರ ವಹಿಸಿದ ತರಾಜಿ ಹೆನ್ಸನ್ ಎಂಬ ನಟಿ ಆ ವರ್ಷದ ಪೋಷಕ ನಟಿಯ ಆಸ್ಕರ್ ಪ್ರಶಸ್ತಿಗೆ ಸೂಚಿತರಾಗಿದ್ದರು. ಪ್ರಶಸ್ತಿ ಬೇರೆಯವರ ಪಾಲಾಯಿತು. ನಮ್ಮನ್ನು ಕೇಳಿದ್ದರೆ ಅವರಿಗೇ ಕೊಡುತ್ತಿದ್ದೆವು.

ಆ ಗೃಹದಲ್ಲಿದ್ದ ಅಜ್ಜಿಯನ್ನು ನೋಡಲು ಬರುತ್ತಿದ್ದ ಆರೇಳು ವರ್ಷದ ಬಾಲೆ ಡೇಸಿ. 1930ರಲ್ಲಿ ಅವರಿಬ್ಬರ ಮೊದಲ ಭೇಟಿ. ಅವನಿಗೂ ವರ್ಷಗಳ ಲೆಕ್ಕದಲ್ಲಿ 12 ಅಷ್ಟೇ; ಮುಖ ಮಾತ್ರ ಮುದುಕನದು. ಇಬ್ಬರೂ ಮೇಜಿನ ಕೆಳಗೆ ಬಚ್ಚಿಟ್ಟುಕೊಂಡು ಮಾತಾಡುವುದನ್ನು ಕಂಡ ಅಜ್ಜಿ, ಮುದುಕನಾಗಿ ನಾಚಿಕೆಯಿಲ್ಲವೆ ಎಂದು ಅವನನ್ನು ಗದರುತ್ತಾಳೆ. ಒಳಗಿನ ವಯಸ್ಸು ಯಾರಿಗೂ ಕಾಣದು. ಮುಂದೆ ಅವನು ದೋಣಿಯ ಕೆಲಸಕ್ಕೆ ಸೇರಿ ದೂರದ ರಷ್ಯದ ಬಂದರದವರೆಗೆ ಹೋಗುತ್ತಾನೆ, ಎರಡನೆಯ ಮಹಾಯುದ್ಧದಲ್ಲಿ ಸಿಲುಕಿ ಬದುಕಿ ಬರುತ್ತಾನೆ. ಅವಳು ನೃತ್ಯಗಾರ್ತಿಯಾಗಿ ಹೆಸರು ಮಾಡುತ್ತಾಳೆ. ಪ್ಯಾರಿಸ್ಸಿನಲ್ಲಿ ಟ್ಯಾಕ್ಸಿಯೊಂದು ಬಡಿದು ಅವಳ ಕಾಲು ಮುರಿದು ನೃತ್ಯ ನಿಂತುಹೋಗುತ್ತದೆ. ಆ ಅಪಘಾತವನ್ನು ಚಿತ್ರಿಸಿದ ಬಗೆಯನ್ನು ಹೇಳಲೇಬೇಕು. ಯಾರೋ ಕೋಟು ಮರೆತು ಒಳಗೆ ಹೋದಳು, ದೂರವಾಣಿ ಮೊಳಗಿತು, ಚಾಲಕ ಕಾಫಿಗೆ ನಿಂತ, ಒಬ್ಬಳ ಬೂಟಿನ ದಾರ ಹರಿಯಿತು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಆ ಕ್ಷಣಕ್ಕೆ ಆ ಟ್ಯಾಕ್ಸಿ ಅಲ್ಲಿರುತ್ತಿರಲಿಲ್ಲ. ಶಾಸ್ತ್ರಗ್ರಂಥಗಳಲ್ಲಿ ಕಾರ್ಯಕಾರಣ ಪರಂಪರೆಯನ್ನು ಓದಿ ಓದಿ ಬೇಸತ್ತಿದ್ದ ನಮಗೆ ಮೂರು ನಿಮಿಷದಲ್ಲಿ ಅದು ಕಣ್ಣಿಗೆ ಕಟ್ಟಿತು.

1962ರಲ್ಲಿ ಇಬ್ಬರೂ ಒಂದಾಗುತ್ತಾರೆ. ಇಳಿಯುತ್ತ ಬರುವ ಅವನ ವಯಸ್ಸೂ ಏರುತ್ತ ಬರುವ ಅವಳ ವಯಸ್ಸೂ ನಲವತ್ತರ ಆಸುಪಾಸಿನಲ್ಲಿ ಒಂದಕ್ಕೊಂದು ಎದುರಾದ ಕಾಲವದು. ಜೀವಮಾನದಲ್ಲಿ ಅವರಿಗೆ ಸಮವಯಸ್ಕರಾಗಿ ಬಾಳಲು ದೊರೆತದ್ದು ಕೆಲವೇ ವರ್ಷ. ಪೀಠೋಪಕರಣಗಳಿಲ್ಲದ ಮನೆ, ನೆಲದ ಮೇಲೊಂದು ಹಾಸಿಗೆ, ನಗು. ಆದರೆ ಅವಳು ಕನ್ನಡಿಯಲ್ಲಿ ಸುಕ್ಕುಗಳನ್ನು ಎಣಿಸತೊಡಗಿದಾಗ ಅವನ ಮುಖದಿಂದ ಅವು ಅಳಿದುಹೋಗುತ್ತಿವೆ.

ಇಲ್ಲಿ ಸ್ವಲ್ಪ ನಿಂತು ಈ ಕಥೆಯ ಮೂಲವನ್ನು ನೋಡುವುದು ಅವಶ್ಯ. ಇದೇ ಹೆಸರಿನ ಸಣ್ಣ ಕಥೆಯೊಂದನ್ನು ಸ್ಕಾಟ್ ಫಿಟ್ಸ್‌ಜೆರಾಲ್ಡ್ ಎಂಬ ಅಮೆರಿಕದ ಲೇಖಕ 1922ರ ಮೇ ತಿಂಗಳಲ್ಲಿ 'ಕೊಲಿಯರ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಆಗ ಅವರಿಗೆ 25 ವರ್ಷ. ಬದುಕಿನ ಒಳ್ಳೆಯ ಪಾಲು ಮೊದಲಿಗೂ ಕೆಟ್ಟ ಪಾಲು ಕೊನೆಗೂ ಬಂದಿರುವುದು ಶೋಚನೀಯವೆಂಬ ಅರ್ಥದ, ಮಾರ್ಕ್ ಟ್ವೇನ್ ಅವರದೆನ್ನಲಾದ ಮಾತೊಂದು ಈ ಕಥೆಗೆ ಪ್ರೇರಣೆಯೆಂದು ಅವರೇ ಬರೆದಿದ್ದಾರೆ. ಮೂಲಕಥೆಯನ್ನೂ ಮೊಮ್ಮಗಳು ನಮಗೆ ತೆಗೆದುಕೊಟ್ಟಳು. ಅದನ್ನು ಓದಿದಾಗ ನಮಗೆ ನಿಜವಾದ ಅಚ್ಚರಿ ಕಾದಿತ್ತು. ಅದು ಬಾಲ್ಟಿಮೋರ್ ನಗರದಲ್ಲಿ 1860ರಲ್ಲಿ ಆರಂಭವಾಗುವ ವಿನೋದದ ಕಥೆ. ಕೂಸು ಗಡ್ಡ ಬಿಟ್ಟುಕೊಂಡೇ ಹುಟ್ಟುತ್ತದೆ, ಹುಟ್ಟಿದ ದಿನವೇ ಮಾತಾಡುತ್ತದೆ, ಊರುಗೋಲು ಬೇಡುತ್ತದೆ. ತಂದೆ ಅದರ ಕೈಗೆ ಗಿಲಿಕಿ ಕೊಟ್ಟು ಆಡೆಂದು ಹಟ ಹಿಡಿಯುತ್ತಾನೆ. ಇವನು ಐವತ್ತರವನಂತೆ ಕಾಣುವಾಗ ಹಿಲ್ಡೆಗಾರ್ಡ್ ಎಂಬ ತರುಣಿ, ಹಿರಿಯರೇ ಲೇಸೆಂದು ಬಗೆದು, ಮೆಚ್ಚಿ ಮದುವೆಯಾಗುತ್ತಾಳೆ. ಅವಳಿಗೆ ವಯಸ್ಸಾದಂತೆ ಅವನಿಗೆ ಯೌವನ ಬರುತ್ತದೆ, ಬಂದಂತೆ ಅವಳು ಅವನಿಗೆ ಬೇಸರವಾಗುತ್ತಾಳೆ. ನರೆತ ಹೆಂಡತಿಯೊಡನೆ ಕುಳಿತಿರಲಾರದೆ 1898ರ ಯುದ್ಧಕ್ಕೆ ಹೊರಟುಹೋಗುತ್ತಾನೆ. ಆಮೇಲೆ ಅವನನ್ನು ಕಂಡು ನಾಚಿಕೆಪಡುವ ಸರದಿ ಮಗನದು. ಕೊನೆಗೆ ತೊಟ್ಟಿಲು, ದಾದಿ, ಮರೆವು, ಕತ್ತಲೆ. ಅಲ್ಲಿ ಯಾರೂ ಯಾರಿಗಾಗಿಯೂ ಕಾಯುವುದಿಲ್ಲ.

ಎಂದಮೇಲೆ 2008ರ ಚಿತ್ರ ಮೂಲಕಥೆಯಿಂದ ಪಡೆದದ್ದು ತಿರುಗಿದ ಗಡಿಯಾರವನ್ನು ಮಾತ್ರ. ಪ್ರೇಮದ ವಿಷಯದಲ್ಲಿ ಅದು ಮೂಲಕ್ಕೆ ನೇರ ವಿರುದ್ಧ ದಿಕ್ಕಿನಲ್ಲಿ ನಡೆದಿದೆ. ನಮ್ಮ ವಾಚಕರಿಗೆ ಈ ವೇಳೆಗೆ ಯಯಾತಿಯ ನೆನಪಾಗಿರಲು ಸಾಕು. ಮಗ ಪುರುವಿಗೆ ಮುಪ್ಪು ಕೊಟ್ಟು ಅವನ ಯೌವನವನ್ನು ಪಡೆದ ಆ ಅರಸನ ಕಥೆಯನ್ನು ಗಿರೀಶ ಕಾರ್ನಾಡರು ನಾಟಕವಾಗಿಸಿದಾಗ (ಅದು ಪ್ರಕಟವಾದದ್ದು 1961ರಲ್ಲಿ), ಮಹಾಭಾರತದಲ್ಲಿಲ್ಲದ ಒಂದು ಪಾತ್ರವನ್ನು ತಂದರು: ಪುರುವಿನ ಹೆಂಡತಿ ಚಿತ್ರಲೇಖೆ. ಬೆಳಗಾಗುವುದರೊಳಗೆ ಗಂಡ ಮುದುಕನಾದದ್ದನ್ನು ಆಕೆ ಸಹಿಸಲಾರದೆ ಪ್ರಾಣ ಬಿಡುತ್ತಾಳೆ. ಆಕೆಯನ್ನು ದೂಷಿಸಲು ನಮಗೆಂದೂ ಮನಸ್ಸಾಗಿಲ್ಲ. ಒಂದೇ ರಾತ್ರಿಯಲ್ಲಿ ಎದುರಾದ ವಿಪತ್ತು ಅದು. ಫಿಟ್ಸ್‌ಜೆರಾಲ್ಡರ ನಾಯಕನಿಗಾದರೋ ಹತ್ತಾರು ವರ್ಷಗಳ ಕಾಲಾವಕಾಶವಿತ್ತು. ಆದರೂ ಅವನು ಹೆಂಡತಿಯ ಮುಪ್ಪನ್ನು ಕ್ಷಮಿಸಲಿಲ್ಲ.

ಇನ್ನು ಚಿತ್ರದ ಬೆಂಜಮಿನ್ನನ ಕಡೆಗೆ ಬರೋಣ. ಅವನಿಗೆ ಹೆಣ್ಣುಮಗು ಹುಟ್ಟುತ್ತದೆ. ವರ್ಷ ತುಂಬಿತೋ ಇಲ್ಲವೋ ಎನ್ನುವಷ್ಟರಲ್ಲಿ ತಂದೆಯಿಂದ ಬಂದ ಕಾರಖಾನೆಯನ್ನೂ ಮನೆಯನ್ನೂ ಮಾರಿ, ಹಣವನ್ನೆಲ್ಲ ಡೇಸಿಯ ಹೆಸರಿಗೆ ಮಾಡಿ, ಒಂದು ಬೆಳಗಿನ ಜಾವ ಮನೆಬಿಟ್ಟು ಹೋಗುತ್ತಾನೆ. ಮಗಳಿಗೆ ಬೇಕಾದದ್ದು ತಂದೆ, ಆಟದ ಜೊತೆಗಾರನಲ್ಲ. ಇಬ್ಬರು ಮಕ್ಕಳನ್ನು ಒಟ್ಟಿಗೆ ಸಾಕುವುದು ಡೇಸಿಗೆ ಆಗದು. ಇದು ಅವನ ತರ್ಕ. ಚಿತ್ರ ಇದನ್ನು ದೊಡ್ಡ ತ್ಯಾಗದಂತೆ, ಮೆಲುವಾದ ಸಂಗೀತದೊಡನೆ ತೋರಿಸುತ್ತದೆ. ಅವನು ಲೋಕ ಸುತ್ತುತ್ತಾನೆ, ಮಗಳ ಪ್ರತಿ ಹುಟ್ಟುಹಬ್ಬಕ್ಕೂ ಒಂದೊಂದು ಅಂಚೆಕಾರ್ಡು ಬರೆಯುತ್ತಾನೆ. ಆ ಕಾರ್ಡುಗಳನ್ನು ಮಗಳು ಓದುವುದು ತಾಯಿಯ ಮರಣಶಯ್ಯೆಯ ಪಕ್ಕದಲ್ಲಿ, ಹೆಚ್ಚುಕಡಿಮೆ ನಾಲ್ಕು ದಶಕಗಳು ಕಳೆದ ಮೇಲೆ.

ಇದನ್ನು ನಾವು ಒಪ್ಪಲಾರೆವು. ಸಂನ್ಯಾಸವೆಂದರೇನೆಂಬುದನ್ನು ಹತ್ತಿರದಿಂದ ಕಂಡವರು ನಾವು. ಬಿಟ್ಟುಹೋಗುವುದೆಲ್ಲ ತ್ಯಾಗವಲ್ಲ; ಮುಂದೆ ಬರಲಿರುವ ಅವಮಾನವನ್ನು ನೆನೆದು ಓಡುವುದೂ ಉಂಟು. ಬೆಂಜಮಿನ್ನನಿಗೆ ಇದು ತಿಳಿಯಬೇಕಾಗಿತ್ತು, ಏಕೆಂದರೆ ಅವನು ಬೆಳೆದ ಮನೆ ಎಂಥದು? ಕೈಲಾಗದವರನ್ನು ಉಣ್ಣಿಸಿ, ತೊಳೆದು, ಒರಸಿ ಮಲಗಿಸುವ ಮನೆ. ಹುಟ್ಟಿಸಿದ ತಂದೆ ಮೆಟ್ಟಿಲ ಮೇಲೆ ಬಿಟ್ಟುಹೋದಾಗ, ಇದು ತನ್ನಿಂದಾಗದು ಎಂದು ಲೆಕ್ಕ ಹಾಕದ ಒಬ್ಬಳು ಎತ್ತಿಕೊಂಡದ್ದರಿಂದ ಬದುಕಿದ ಜೀವವದು. ಅಂಥವನು ತನ್ನ ಮಗಳ ಪಾಲಿಗೆ ಕ್ವೀನಿಯಾಗಲಿಲ್ಲ, ಗುಂಡಿ ಕಾರಖಾನೆಯ ಬಟನ್ ಆದ. ಹಣವಿಟ್ಟು ಹೋದದ್ದೂ ತಂದೆಯಂತೆಯೇ. ಚಿತ್ರ ಮಾಡಿದವರು ಈ ಹೋಲಿಕೆಯನ್ನು ಬಲ್ಲರೋ ಇಲ್ಲವೋ, ತೆರೆಯ ಮೇಲಂತೂ ಯಾರೂ ಅದನ್ನು ಎತ್ತಿ ಆಡುವುದಿಲ್ಲ.

ಎರಡನೆಯ ಸಲ ನೋಡುವಾಗ ಈ ದೃಶ್ಯದಲ್ಲಿ ನಮಗೆ ಕಸಿವಿಸಿಯಾಯಿತು. ಅಕ್ಕನವರ ಮನೆಗೆ ನಾವು ಹೊತ್ತುಕೊಂಡು ಹೋಗಿದ್ದ ಮಾತೂ ಇಂಥದೇ ಒಂದು ಸುಸಂಬದ್ಧ ತರ್ಕವಾಗಿತ್ತಷ್ಟೆ.

ಚಿತ್ರದ ತಾಂತ್ರಿಕ ವಿಷಯಗಳನ್ನು ಹೇಳುವ ಅಧಿಕಾರ ನಮಗಿಲ್ಲ. ಮೊಮ್ಮಗಳಿಂದ ತಿಳಿದಷ್ಟನ್ನು ಹೇಳುತ್ತೇವೆ. ಆರಂಭದ ಭಾಗದ ಮುದಿ ಬೆಂಜಮಿನ್ನನ ದೇಹ ಬೇರೆ ಗಿಡ್ಡ ನಟರದು. ತಲೆ ಮಾತ್ರ ಪೂರ್ತಿ ಕಂಪ್ಯೂಟರಿನಲ್ಲಿ ಕಟ್ಟಿದ್ದು. ಬ್ರಾಡ್ ಪಿಟ್ಟರು ಮುಖದಲ್ಲಿ ತೋರಿದ ಒಂದೊಂದು ಭಾವವನ್ನೂ ಅಳೆದು ಆ ಕೃತಕ ಮುದಿಮುಖಕ್ಕೆ ತುಂಬಿದರಂತೆ. 2009ರ ಫೆಬ್ರವರಿಯ ಆಸ್ಕರ್ ಸಮಾರಂಭಕ್ಕೆ ಈ ಚಿತ್ರ 13 ವಿಭಾಗಗಳಲ್ಲಿ ಸೂಚಿತವಾಗಿ, ಕಲಾನಿರ್ದೇಶನ, ಪ್ರಸಾಧನ, ದೃಶ್ಯಚಮತ್ಕಾರ ಈ ಮೂರಕ್ಕೆ ಪ್ರಶಸ್ತಿ ಪಡೆಯಿತು. ಅದೇ ಸಂಜೆ ಮುಂಬಯಿಯ ಕೊಳೆಗೇರಿಯ ಕಥೆಯ 'ಸ್ಲಂಡಾಗ್ ಮಿಲಿಯನೇರ್' ಎಂಟು ಪ್ರಶಸ್ತಿಗಳನ್ನು ಬಾಚಿಕೊಂಡದ್ದು, ಎ.ಆರ್. ರೆಹಮಾನರಿಗೆ ಎರಡು ಬಂದದ್ದು ವಾಚಕರ ನೆನಪಿನಲ್ಲಿರಬಹುದು. ಎಳೆಯ ಮಕ್ಕಳಿಗೆ ಅಕಾಲ ಮುಪ್ಪು ಬರುವ ಪ್ರೊಜೇರಿಯ ಎಂಬ ಅಪರೂಪದ ಕಾಯಿಲೆ ಲೋಕದಲ್ಲಿ ನಿಜವಾಗಿ ಉಂಟು. ಅಮಿತಾಭ್ ಬಚ್ಚನ್ ಅಂಥ ಬಾಲಕನಾಗಿ ನಟಿಸಿದ 'ಪಾ' ಎಂಬ ಹಿಂದಿ ಚಿತ್ರ 2009ರಲ್ಲಿ ಬಂದಿತ್ತು. ಮುಪ್ಪಿನಿಂದ ಹಿಂದಕ್ಕೆ ನಡೆಯುವ ದೇಹ ಮಾತ್ರ ಬರಿಯ ಕಲ್ಪನೆ.

ಕಲ್ಪನೆಯಾದರೂ ಅದು ಕೊನೆಗೆ ಮುಟ್ಟುವುದು ಎಲ್ಲರಿಗೂ ಪರಿಚಿತವಾದ ಠಾವಿಗೇ. ವರ್ಷಗಳು ಉರುಳುತ್ತವೆ. ಡೇಸಿ ಬೇರೆ ಮದುವೆಯಾಗಿ, ಆ ಗಂಡನನ್ನೂ ಕಳೆದುಕೊಂಡು ಒಬ್ಬಳೇ ಇದ್ದಾಳೆ. ಒಂದು ದಿನ ದೂರವಾಣಿ ಕರೆ ಬರುತ್ತದೆ. ಪಾಳುಮನೆಯೊಂದರಲ್ಲಿ ಸಿಕ್ಕ ಹುಡುಗನ ಬಳಿ ಇದ್ದ ದಿನಚರಿಯಲ್ಲಿ ಅವಳ ಹೆಸರಿತ್ತು. ಹೋಗಿ ನೋಡಿದರೆ 12 ವರ್ಷದವನಂತೆ ಕಾಣುವ ಬೆಂಜಮಿನ್ ಪಿಯಾನೊದ ಮುಂದೆ ಕುಳಿತಿದ್ದಾನೆ. ಅವಳನ್ನು ಗುರುತಿಸುವುದಿಲ್ಲ. ದೇಹ ಬಾಲಕನದಾದರೂ ಬುದ್ಧಿಗೆ ಮುಪ್ಪಿನ ಮರೆವು ಕವಿದಿದೆ. ಈಗ ತಾನೆ ಉಂಡದ್ದನ್ನು ಮರೆತು, ಊಟ ಕೊಡಲಿಲ್ಲವೆಂದು ರೇಗುತ್ತಾನೆ. ಮಾಳಿಗೆ ಹತ್ತಿ ಬೀಳುವಂತೆ ನಿಲ್ಲುತ್ತಾನೆ. ಇಲ್ಲಿ ಅಕ್ಕನವರು ಮೊಮ್ಮಗಳ ಕೈ ಹಿಡಿದು ಲ್ಯಾಪ್‌ಟಾಪು ನಿಲ್ಲಿಸಿ, "ಇದನ್ನ ಇವರು ಎಲ್ಲಿ ನೋಡಿ ಬರದಾರ?" ಎಂದು ಕೇಳಿದರು. ನಮ್ಮ ಭಾವನವರೂ ಉಂಡ ಕೈ ಆರುವ ಮುನ್ನ, ಈ ಮನೆಯಲ್ಲಿ ಬಂದವರಿಗೆ ರೊಟ್ಟಿ ಕೊಡುವ ಪದ್ಧತಿಯಿಲ್ಲವೆ ಎಂದು ನೆರೆಯವರ ಮುಂದೆ ದೂರುವವರು.

ಡೇಸಿ ಏನು ಮಾಡುತ್ತಾಳೆ? ಅವನನ್ನು ತನ್ನ ಮನೆಗೆ ಒಯ್ಯುವುದಿಲ್ಲ, ಅಲ್ಲಿ ಬಿಟ್ಟೂ ಬರುವುದಿಲ್ಲ. ಅವನು ಬೆಳೆದ ಅದೇ ವೃದ್ಧರ ವಸತಿಗೃಹಕ್ಕೆ ತಾನೇ ಹೋಗಿ ನೆಲೆಸುತ್ತಾಳೆ. ಹಗಲಿರುಳೂ ಜೊತೆಗಿರುತ್ತಾಳೆ. ಅವನು ಎಂಟು ವರ್ಷದವನಾಗುತ್ತಾನೆ, ಐದರವನಾಗುತ್ತಾನೆ, ನಡೆಯುವುದನ್ನು ಮರೆಯುತ್ತಾನೆ, ಮಾತನ್ನು ಮರೆಯುತ್ತಾನೆ. ಪ್ರಿಯತಮೆಯಾಗಿದ್ದವಳು ಅಜ್ಜಿಯಂತೆ ಅವನ ಕೈಹಿಡಿದು ಬೀದಿಯಲ್ಲಿ ನಡೆಸಿಕೊಂಡು ಹೋಗುತ್ತಾಳೆ. ಅಷ್ಟರಲ್ಲಿ ನಿಲ್ದಾಣದ ಹಳೆಯ ಗಡಿಯಾರವನ್ನು ಇಳಿಸಿ ಅಂಕಿಗಳ ಹೊಸ ಗಡಿಯಾರ ಹಾಕುತ್ತಾರೆ. 2003ರ ವಸಂತದಲ್ಲಿ, ಕೂಸಾಗಿಬಿಟ್ಟ ಬೆಂಜಮಿನ್ ಅವಳ ತೋಳಿನಲ್ಲಿ ಒಮ್ಮೆ ಕಣ್ಣು ತೆರೆದು ನೋಡಿ, ನಿದ್ದೆ ಹೋದಂತೆ ಪ್ರಾಣ ಬಿಡುತ್ತಾನೆ. ಆ ನೋಟದಲ್ಲಿ ಅವನು ತನ್ನನ್ನು ಗುರುತಿಸಿದನೆಂದು ಅವಳ ನಂಬಿಕೆ. ಚಿತ್ರ ಅದನ್ನು ಹೌದೆಂದೂ ಹೇಳುವುದಿಲ್ಲ, ಅಲ್ಲವೆಂದೂ ಹೇಳುವುದಿಲ್ಲ. ಇಡೀ ಚಿತ್ರದಲ್ಲಿ ಪ್ರೇಮವೆಂಬ ಶಬ್ದಕ್ಕೆ ಒಂದು ತೂಕ ಬರುವುದು ಈ ಹದಿನೈದು ನಿಮಿಷಗಳಲ್ಲಿ ಎಂದು ನಮ್ಮ ಅಭಿಪ್ರಾಯ. ಹಿಂದಿನದೆಲ್ಲ, ನೃತ್ಯ, ದೋಣಿ, ಬೆಳದಿಂಗಳು, ಇದಕ್ಕೆ ಪೀಠಿಕೆಯಷ್ಟೆ. ಫಿಟ್ಸ್‌ಜೆರಾಲ್ಡರ ಕಥೆಯಲ್ಲಿ ದಾದಿ ಮಾಡಿದ ಕೆಲಸವನ್ನು ಇಲ್ಲಿ ಡೇಸಿ ಮಾಡುತ್ತಾಳೆ. ಇಡೀ ವ್ಯತ್ಯಾಸ ಅಲ್ಲಿದೆ.

ಕೊನೆಯಲ್ಲಿ ಚಂಡಮಾರುತದ ನೀರು ನುಗ್ಗಿ, ಉಗ್ರಾಣದ ಮೂಲೆಯಲ್ಲಿ ಬಿದ್ದಿದ್ದ ಆ ಹಳೆಯ ಗಡಿಯಾರವನ್ನು ಮುಟ್ಟುತ್ತದೆ. ಅದು ಆಗಲೂ ಹಿಂದಕ್ಕೆ ನಡೆಯುತ್ತಲೇ ಇದೆ.

ಚಿತ್ರ ಮುಗಿದಾಗ ರಾತ್ರಿ ಹನ್ನೊಂದು ದಾಟಿತ್ತು. ಅಕ್ಕನವರು ಏನೂ ಹೇಳದೆ ಎದ್ದು ಭಾವನವರಿಗೆ ಹಾಲು ಕಾಯಿಸಲು ಹೋದರು. ಮರುದಿನ ಬೆಳಿಗ್ಗೆ ಸ್ನಾನವಾದ ಬಳಿಕ ಭಾವನವರು ಕನ್ನಡಿಯ ಮುಂದೆ ನಿಂತು ರುಮಾಲು ಸುತ್ತಿಕೊಳ್ಳುತ್ತಿದ್ದರು. ಇದೊಂದು ಕೆಲಸಕ್ಕೆ ಅವರಿಗೆ ಇಂದಿಗೂ ಯಾರ ನೆರವೂ ಬೇಡ; ಕೈಗಳು ತಾವಾಗಿಯೇ ಸುತ್ತುತ್ತವೆ. ಪಿಯಾನೊದ ಮುಂದೆ ಕುಳಿತ ಆ ಹುಡುಗನ ನೆನಪು ನಮಗಾಯಿತು. ಪುಣೆಯಿಂದ ಅಳಿಯನ ಕರೆ ಬರುವ ಹೊತ್ತು. ಹೇಳಬೇಕೆಂದು ಬಂದಿದ್ದ ಮಾತು ನಮ್ಮ ಬಾಯಿಗೆ ಬರಲೊಲ್ಲದು. ಬಂದ ಕಾರಣವನ್ನು ಮುಚ್ಚಿಡುವುದೂ ಸರಿಯೆನಿಸದೆ, ಮಗನ ವಿಚಾರ ಹೀಗಿದೆ, ನಾವೂ ಅದಕ್ಕೆ ಒಪ್ಪಿಯೇ ಬಂದಿದ್ದೆವು, ಈಗ ಏನೂ ತೋಚದು ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆವು.

ಅಕ್ಕನವರು ರೊಟ್ಟಿಯ ಹಿಟ್ಟು ನಾದುತ್ತಲೇ ಕೇಳಿಸಿಕೊಂಡರು. ಅಳುವರೆಂದು, ಇಲ್ಲವೆ ಸಿಟ್ಟಾಗುವರೆಂದು ಅಂದುಕೊಂಡಿದ್ದೆವು.

"ತಮ್ಮಾ, ಆಕಿ ಗಂಡನ್ನ ಆ ಮನ್ಯಾಗ ಒಬ್ಬನ್ನ ಬಿಡಲಿಲ್ಲ. ತಾನೂ ಹೋಗಿ ಅಲ್ಲೇ ಇದ್ಲು. ಹಂಗಿರಾಕ ಇಲ್ಲಿನೂ ಬರ್ತೈತೇನು ಕೇಳು."

ಡೇಸಿ, ಬೆಂಜಮಿನ್ ಇಬ್ಬರಿಗೂ ವಿಧಿವತ್ತಾಗಿ ವಿವಾಹವಾಗಿರಲಿಲ್ಲವೆಂಬುದನ್ನು ನಾವು ಅಕ್ಕನವರಿಗೆ ಹೇಳಲು ಹೋಗಲಿಲ್ಲ. ಅಳಿಯನ ಕರೆ ಬಂದಾಗ ಈ ಪ್ರಶ್ನೆಯನ್ನೇ ಅವನ ಮುಂದಿಟ್ಟೆವು. ಸ್ವಲ್ಪ ಹೊತ್ತು ಅವನಿಂದ ಮಾತೇ ಇಲ್ಲ. ಬಳಿಕ, ವಿಚಾರಿಸುತ್ತೇನೆ ಎಂದ. ಅವನು ಮೊದಲು ಗೊತ್ತುಮಾಡಿದ್ದ ಕಡೆ ರೋಗಿಗಳಿಗೆ ಮಾತ್ರ ಹಾಸಿಗೆ, ಮನೆಯವರು ಭೇಟಿಯ ವೇಳೆಗೆ ಬಂದುಹೋಗಬೇಕು ಎಂಬ ಉತ್ತರ ಬಂತು. ಎರಡು ವಾರಗಳ ಮೇಲೆ ಇನ್ನೊಂದು ಕಡೆ ಗಂಡಹೆಂಡಿರಿಬ್ಬರೂ ಇರಬಹುದಾದ ಕೋಣೆಯಿದೆಯೆಂದು ತಿಳಿಯಿತು. ಖರ್ಚು ಹೆಚ್ಚು. ಅಕ್ಕನವರು ಇನ್ನೂ ಹೂಂ ಎಂದಿಲ್ಲ. ಮನೆಯಲ್ಲಿಯೇ ಒಬ್ಬರನ್ನು ಸಹಾಯಕ್ಕಿಟ್ಟುಕೊಂಡು ಈ ಬೇಸಿಗೆ ಕಳೆಯುವ ಮಾತೂ ನಡೆದಿದೆ. ಬರುವ ಸೋಮವಾರ ಅಳಿಯ ಬರುತ್ತಾನೆ. ಮೂವರೂ ಹೋಗಿ ಆ ಜಾಗವನ್ನು ನೋಡಿಬರಲಿದ್ದೇವೆ. ಅಲ್ಲಿ ಕೇಳಬೇಕಾದ ಸಂಗತಿಗಳನ್ನು ಅಕ್ಕನವರು ನಮ್ಮಿಂದ ಒಂದು ಚೀಟಿಯಲ್ಲಿ ಬರೆಯಿಸಿದ್ದಾರೆ: ತಾನು ರೊಟ್ಟಿ ಬಡಿಯಲು ಒಲೆ ಉಂಟೋ, ಪೂಜೆಗೆ ಮಗ್ಗುಲಲ್ಲಿ ಒಂದಿಷ್ಟು ಸ್ಥಳ ಸಿಗುವುದೋ, ರಾತ್ರಿ ಬಾಗಿಲಿಗೆ ಅಗುಳಿ ಒಳಗಿನಿಂದಲೋ ಹೊರಗಿನಿಂದಲೋ, ಕೋಣೆಯ ಕಿಟಕಿ ಯಾವ ಕಡೆಗೆ. ಕೊನೆಯದು ಯಾತಕ್ಕೆಂದು ಕೇಳಿದೆವು. ಸಾಲಿ ಬಿಟ್ಟಾಗ ಹುಡುಗರು ಹೋಗುವುದನ್ನು ನೋಡುತ್ತ ನಿಲ್ಲುವುದು ಭಾವನವರಿಗೆ ರೂಢಿಯಂತೆ.